ನಾನೇ ಹೊಳೆ ದಾಟಿಸಿದ ಬಸವನಹುಳುಗಳು

ಕಳೆದ ವರ್ಷ ಕಾಲೇಜುಗಳಿಗೆ ಬೇಸಿಗೆ ರಜೆ ಬಿಟ್ಟಾಗಿನ ಮಾತು. ಅಲ್ಲಿಯವರೆಗೆ ನಾನು ವಿಮಾನವನ್ನು ಹತ್ತಿರದಿಂದ ನೋಡಿದ್ದು ಬೆಳಗಾವಿ ವಿಮಾನ ನಿಲ್ದಾಣದ ಊರು ಸಾಂಬ್ರಾದಲ್ಲಿರುವ ನನ್ನ ತಂಗಿಯ ಮನೆಯ ಮಾಳಿಗೆ ಮೇಲಿಂದ ಮಾತ್ರ. ಐವತ್ತು ದಾಟಿದ ಮೇಲೆ ಅದೇ ಸಾಂಬ್ರಾದಿಂದ ವಿಮಾನ ಹತ್ತಿ, ದಾರಿಯಲ್ಲಿ ಮತ್ತೆ ಮತ್ತೆ ವಿಮಾನ ಬದಲಿಸಿ, ಬೋರ್ನಿಯೋ ದ್ವೀಪದ ಮಲೇಷ್ಯಾ ಭಾಗದ ಮಳೆಕಾಡಿನಲ್ಲಿ ಸಸಿ ಬೆಳೆಸಲು ಹೋಗುತ್ತೀ ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಮುಖ ನೋಡಿ ನಕ್ಕುಬಿಡುತ್ತಿದ್ದೆ.

ನಾವು ಬೆಳಗಾವಿಯ ಶಹಾಪುರದವರು. ಮನೆಯವರದು ಬಟ್ಟೆ ಅಂಗಡಿ. ನನ್ನದು ಖಾನಾಪುರದ ಹತ್ತಿರ ಅತ್ತೆಯವರ ಹೊಲದಲ್ಲಿ ಒಂದು ಸಸಿಗಳ ನರ್ಸರಿ. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಹೊತ್ತು ಮುಳುಗುವ ಮುಂಚೆ ಮನೆ ಸೇರುತ್ತೇನೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮನೆಯಲ್ಲಿ ಅಕ್ಕಿ, ಜೋಳ ಹಸನು ಮಾಡುವಾಗ ಹುಳು ಸಿಕ್ಕರೆ ಒಂದು ಹಿಡಿ ಕಾಳಿನ ಸಮೇತ ಅದನ್ನು ನೆರಳಲ್ಲಿ ಬಿಟ್ಟು ಬರುವುದು ನಮ್ಮ ಪದ್ಧತಿ. ಅದೂ ಉಣ್ಣಬೇಕಲ್ಲ. ನರ್ಸರಿಯಲ್ಲೂ ನನ್ನದು ಅದೇ ಕ್ರಮ. ಕಂಬಳಿಹುಳು ಇರಲಿ, ಬಸವನಹುಳು ಇರಲಿ, ಬುಟ್ಟಿಯಲ್ಲಿ ಆರಿಸಿಕೊಂಡು ಹೋಗಿ ಹಳ್ಳದ ಆಚೆ ಬಿಡುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಕ್ಕಳು ಮರಾಠಿ ಮನೆಗಳವರು. ಅವರು ನನಗಿಟ್ಟ ಹೆಸರು ‘ಗೋಗಲಗಾಯ್ ವೈನಿ’, ಅಂದರೆ ಬಸವನಹುಳುಗಳ ಅತ್ತಿಗೆ. ಅನ್ನಲಿ ಬಿಡಿ. ನನ್ನ ಹಠ ಅವರಿಗೂ ಗೊತ್ತು.

ನನ್ನನ್ನು ಬೋರ್ನಿಯೋಕ್ಕೆ ಹೊರಡಿಸಿದವರು ಶೈಲಾ ಮೇಡಂ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಪ್ರತಿ ಮಳೆಗಾಲ ಹುಡುಗರನ್ನು ಕರೆದುಕೊಂಡು ಜಾಂಬೋಟಿ ಕಡೆ ಗಿಡ ಹಚ್ಚಲು ನನ್ನಲ್ಲಿಂದಲೇ ಸಸಿ ಒಯ್ಯುತ್ತಾರೆ. ಲಿಂಗಾಯತರ ಮನೆಯ ಹೆಣ್ಣುಮಗಳು, ಮನಸ್ಸು ಬೆಣ್ಣೆ, ಮಾತು ಮಾತ್ರ ಕುಡುಗೋಲು. ನನಗಿಂತ ಹತ್ತು ವರ್ಷ ಚಿಕ್ಕವರಾದ್ದರಿಂದ ನನ್ನನ್ನು ಪದ್ಮಕ್ಕ ಎನ್ನುತ್ತಾರೆ. ಒಂದು ದಿನ ಅವರು ನರ್ಸರಿಗೆ ಬಂದು, ಬೋರ್ನಿಯೋದಲ್ಲಿ ಕಡಿದು ಹಾಳಾದ ಕಾಡನ್ನು ಮತ್ತೆ ಬೆಳೆಸುವವರಿದ್ದಾರೆ, ಅವರಿಗೆ ಸಸಿ ಸಾಕಿ ಗೊತ್ತಿರುವ ಸ್ವಯಂಸೇವಕರು ಬೇಕಂತೆ, ರಜೆಯಲ್ಲಿ ನಾನು ಹೋಗುವವಳು, ನೀವೂ ಬನ್ನಿ ಎಂದರು. ನಾನು ತಮಾಷೆ ಎಂದುಕೊಂಡೆ. ಮರುವಾರ ಅವರು ಪಾಸ್‌ಪೋರ್ಟಿಗೆ ಏನೇನು ಬೇಕೆಂದು ಕೇಳಿಕೊಂಡೇ ಬಂದಿದ್ದರು.

ಮನೆಯವರು ಊಟದ ತಾಟಿನಿಂದ ತಲೆ ಎತ್ತದೆ, “ಜಾಂಬೋಟಿ ಅಡವಿ ಇಲ್ಲೇ ಬಾಜೂಕ ಐತಿ. ಅದು ಸಾಲ್ದಂತ ಸಮುದ್ರ ದಾಟಿ ಹೊಂಟಿ ಏನ?” ಎಂದು ಕೇಳಿದರು. ಕೇಳಿದ್ದು ಅಷ್ಟೇ, ತಡೆಯಲಿಲ್ಲ. ನಾನು ಹೆದರಿದ್ದು ಅತ್ತೆಗೆ. ಎಂಬತ್ತರ ಹತ್ತಿರದ ಜೀವ, ನೇಮದಲ್ಲಿ ಕಟ್ಟುನಿಟ್ಟು. ಆದರೆ ಅವರು ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಹುರಿದ ಅವಲಕ್ಕಿ, ಖಾರಬ್ಯಾಳಿ ತಾವೇ ಕುಳಿತು ಕಟ್ಟಿಸಿದರು. ನೇಮ ಮುರಿದುಕೊಂಡು ಮಾತ್ರ ಬರಬೇಡ ಎಂದರು. ಮುರಿಯುವುದಿಲ್ಲ ಎಂದು ನಾನು ಅವರ ಕಾಲು ಮುಟ್ಟಿ ಹೇಳಿ ಹೊರಟೆ.

ನಾವು ಇಳಿದುಕೊಂಡಿದ್ದು ಒಂದು ದೊಡ್ಡ ಹೊಳೆಯ ದಡದಲ್ಲಿ. ಮಲಪ್ರಭೆಯನ್ನು ಖಾನಾಪುರದಲ್ಲಿ ತುಂಬಿ ಹರಿಯುವಾಗ ನೋಡಿದವಳು ನಾನು, ಆದರೂ ಆ ಹೊಳೆಯ ಅಗಲ ಕಂಡು ಬೆರಗಾದೆ. ನಾವಿದ್ದ ದಡದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎಣ್ಣೆತಾಳೆಯ ತೋಟಗಳು. ಅವುಗಳಿಗಾಗಿ ಕಾಡು ಕಡಿದಿದ್ದರು. ಆಚೆ ದಡದಲ್ಲಿ ಹಳೆಯ ಕಾಡಿನ ಎರಡು ತುಂಡು ಉಳಿದಿದ್ದವು. ಆ ಎರಡರ ನಡುವಿನ ಬಯಲಿನಲ್ಲಿ ಗಿಡ ಬೆಳೆಸಿದರೆ ಆನೆಗಳು, ಒರಾಂಗುಟಾನ್ ಎಂಬ ದೊಡ್ಡ ಮಂಗಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಿ ಬರಬಹುದು. ಈಚೆ ದಡದ ನರ್ಸರಿಯಲ್ಲಿ ಸಸಿ ಮಾಡುವುದು, ದೋಣಿಯಲ್ಲಿ ದಾಟಿಸಿ ಆಚೆ ನೆಡುವುದು, ಇದೇ ಅಲ್ಲಿನ ಕೆಲಸ.

ಕೆಲಸದ ಮುಖ್ಯಸ್ಥೆ ನೂರ್ ಎಂಬ ಆ ಊರಿನ ಹೆಣ್ಣುಮಗಳು. ನಲವತ್ತರ ಆಸುಪಾಸು, ಮಾತು ಕಡಿಮೆ. ನನ್ನನ್ನು ‘ಕಾಕ್ ಪದ್ಮಾ’ ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಕಾಕ್ ಎಂದರೆ ಅಕ್ಕ. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ, ನನ್ನದೂ ಅಷ್ಟಕ್ಕಷ್ಟೇ, ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ನನ್ನ ಊಟದ ನೇಮ ಕೇಳಿದವಳೇ ಹೊತ್ತು ಮುಳುಗುವ ಮುಂಚೆ ನನ್ನೊಬ್ಬಳಿಗೆ ಬೇರೆ ಅನ್ನ, ಸೊಪ್ಪು ಮಾಡಿಕೊಳ್ಳಲು ಒಲೆ ಬಿಟ್ಟುಕೊಟ್ಟಳು. ಮೊದಲ ದಿನವೇ ಅವಳು ನನಗೆ ಹಿಡಿಸಿದಳು.

ಎರಡನೆಯ ದಿನ ಬೆಳಿಗ್ಗೆ ನರ್ಸರಿಗೆ ಹೋದರೆ ಸಾಲು ಸಾಲು ಸಸಿಗಳಲ್ಲಿ ಎಲೆಗಳೇ ಇರಲಿಲ್ಲ, ಬರೀ ಕಡ್ಡಿಗಳು. ಚೀಲಗಳ ಸಂದಿಯಲ್ಲಿ ನನ್ನ ಅಂಗೈಯಷ್ಟು ದೊಡ್ಡ ಬಸವನಹುಳುಗಳು ಮುದುಡಿ ಕೂತಿದ್ದವು. ನಮ್ಮ ಕಡೆ ಕಾಣುವುದು ಗುಂಡಿಯಷ್ಟು ಚಿಕ್ಕವು, ಇಂಥ ದೈತ್ಯರನ್ನು ನಾನು ಕಂಡಿರಲಿಲ್ಲ. ನೂರ್ ಎಲ್ಲರಿಗೂ ಕೈಗವಸು ಕೊಟ್ಟು, ಒಂದು ಬಕೆಟ್ಟಿನಲ್ಲಿ ಉಪ್ಪುನೀರು ಮಾಡಿ, ಆರಿಸಿ ಅದರಲ್ಲಿ ಹಾಕಿ ಎಂದಳು.

ನಾನು ಕೈಗವಸು ಕಳಚಿ ನಿಂತೆ. ಉಪ್ಪುನೀರಿನಲ್ಲಿ ಆ ಜೀವ ಹೇಗೆ ಸಾಯುತ್ತದೆ ಎಂದು ನನಗೆ ಗೊತ್ತು. ಇದು ನನ್ನಿಂದ ಆಗದು ಎಂದೆ. ನೂರ್ ಸಿಟ್ಟು ಮಾಡಲಿಲ್ಲ, ಹಾಗಿದ್ದರೆ ನೀನು ಅಡುಗೆಮನೆಯಲ್ಲಿ ಸಹಾಯ ಮಾಡು, ನರ್ಸರಿ ಬೇಡ ಎಂದಳು. ಅದಕ್ಕೆ ನಾನು ಒಪ್ಪುತ್ತೇನೆಯೇ? ಪಾತ್ರೆ ಬೆಳಗಲು ನಾನು ಸಮುದ್ರ ದಾಟಿ ಬಂದಿರಲಿಲ್ಲ. ಒಂದು ವಾರ ಕೊಡು, ಒಂದೊಂದು ಹುಳುವನ್ನೂ ನಾನೇ ಆರಿಸಿ ದೂರ ಬಿಡುತ್ತೇನೆ, ಸಸಿಯ ಒಂದೆಲೆ ಹೋದರೂ ನೀನು ಹೇಳಿದಲ್ಲಿಗೆ ಹೋಗುತ್ತೇನೆ ಎಂದೆ. ನೂರ್ ನನ್ನನ್ನೇ ನೋಡಿ ಹೂಂ ಎಂದಳು. ಶೈಲಾ ಮೇಡಂ ಪಕ್ಕದಲ್ಲಿ ನಿಂತು ಹಣೆ ಚಚ್ಚಿಕೊಂಡರು.

ಮಾತು ಕೊಟ್ಟ ಮೇಲೆ ಮುಗಿಯಿತು. ಬೆಳಕು ಹರಿಯುವ ಮೊದಲೇ ಟಾರ್ಚು ಹಿಡಿದು ಏಳುತ್ತಿದ್ದೆ. ಚೀಲಗಳ ಸಂದಿ, ಹಲಗೆಗಳ ಅಡಿ, ನೆರಳುಬಲೆಯ ಮೂಲೆ ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮ ಖಾನಾಪುರದ ಉಪಾಯವನ್ನೂ ಮಾಡಿದೆ. ಗೋಣಿತಟ್ಟು ಒದ್ದೆ ಮಾಡಿ ನೆಲಕ್ಕೆ ಹಾಸಿ ಅದರಡಿ ಪಪ್ಪಾಯದ ಸಿಪ್ಪೆ ಇಟ್ಟರೆ, ಬಿಸಿಲೇರುವ ಹೊತ್ತಿಗೆ ಹುಳುಗಳು ತಾವಾಗಿ ಬಂದು ಅಲ್ಲಿ ಸೇರುತ್ತವೆ. ಮೊದಮೊದಲು ಅವನ್ನು ಶಿಬಿರದ ಹಿಂದಿನ ಪೊದೆಯಲ್ಲಿ ಬಿಟ್ಟೆ. ಶೈಲಾ ಮೇಡಂ ಸುಮ್ಮನಿರುವವರಲ್ಲ, ತಮ್ಮ ಗುಲಾಬಿ ಬಣ್ಣದ ನೇಲ್‌ಪಾಲಿಶ್ ತಂದು ಒಂದಿಷ್ಟು ಚಿಪ್ಪುಗಳ ಮೇಲೆ ಬೊಟ್ಟಿಟ್ಟರು. ಎರಡು ದಿನ ಕಳೆಯುವುದರೊಳಗೆ ಬೊಟ್ಟಿನವು ಮತ್ತೆ ಸಸಿಗಳ ನಡುವೆ ಹಾಜರಿದ್ದವು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, “ಪದ್ಮಕ್ಕ, ತವರಮನಿಗೆ ಹೋಗಿ ಬಂದಾವ ನೋಡ್ರಿ” ಎಂದರು.

ನನಗೆ ನಗು ಬರಲಿಲ್ಲ, ಹಠ ಬಂತು. ಸಸಿ ನೆಡುವವರ ದೋಣಿ ದಿನಾ ಬೆಳಿಗ್ಗೆ ಆಚೆ ದಡಕ್ಕೆ ಹೋಗುತ್ತಿತ್ತು. ನಾನು ಬಕೆಟ್ಟಿಗೆ ಮುಚ್ಚಳ ಹಾಕಿಕೊಂಡು ಅದರಲ್ಲಿ ಕುಳಿತೆ. ಆಚೆ ಇಳಿದು, ಉಳಿದವರು ಸಸಿ ಹೊತ್ತು ಮುಂದೆ ಹೋದ ಮೇಲೆ, ದಡದ ಪೊದೆಯ ನೆರಳಿನಲ್ಲಿ ಹುಳುಗಳನ್ನು ಮೆಲ್ಲಗೆ ಇಳಿಸಿದೆ. ಬರಿಗೈಲಿ ಬಿಡಬಾರದೆಂದು ಅಡುಗೆಮನೆಯ ಸೌತೆ ಸಿಪ್ಪೆ, ಸೊಪ್ಪಿನ ದಂಟು ಒಂದಿಷ್ಟು ಪಕ್ಕದಲ್ಲಿಟ್ಟೆ. ಮನೆಯಲ್ಲಿ ಕಾಳಿನ ಹುಳುವಿಗೆ ಮಾಡುವ ಹಾಗೆಯೇ. ಇಷ್ಟು ದೊಡ್ಡ ಹೊಳೆ ದಾಟಿ ಹೇಗೆ ಬರುತ್ತೀರೋ ಬನ್ನಿ ಎಂದು ಅವಕ್ಕೆ ಹೇಳಿದೆ. ದಿನಾ ಇದೇ ನಡೆಯಿತು. ಶೈಲಾ ಮೇಡಂ ಆಗ ಹಕ್ಕಿ, ಮಂಗಗಳನ್ನು ಗುರುತಿಸುವ ಇನ್ನೊಂದು ತಂಡದ ಜೊತೆ ಹೊಳೆಯ ಮೇಲ್ಭಾಗಕ್ಕೆ ಹೋಗಿದ್ದರು. ದೋಣಿಯಲ್ಲಿದ್ದವರು ನನ್ನ ಬಕೆಟ್ಟಿನಲ್ಲಿ ಗೊಬ್ಬರವಿದೆ ಎಂದುಕೊಂಡಿದ್ದರು. ಯಾರೂ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ವಾರ ಕಳೆಯಿತು. ನರ್ಸರಿಯ ಸಸಿಗಳು ಚಿಗುರಿದವು. ನೂರ್ ಸಾಲುಗಳ ನಡುವೆ ನಡೆದು ನೋಡಿ, ನನ್ನ ಬೆನ್ನು ತಟ್ಟಿ, ನರ್ಸರಿ ಇನ್ನು ನಿನ್ನದೇ ಎಂದಳು. ನಾನು ಆ ದಿನ ನೆಲದ ಮೇಲೆ ನಡೆಯಲಿಲ್ಲ. ದೋಣಿ ನಿಲ್ಲುವ ಕಟ್ಟೆಯ ಹತ್ತಿರ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ಮನೆಗೆ ಫೋನು ಹಚ್ಚಿ, ಒಂದು ಜೀವ ಕೊಲ್ಲದೆ ಕಾಡು ಉಳಿಸಿದ್ದೇನೆ ಎಂದು ಎಲ್ಲರಿಗೂ ಹೇಳಿದೆ.

ಶೈಲಾ ಮೇಡಂ ವಾಪಸಾದ ಮರುದಿನ ನಾವಿಬ್ಬರೂ ಸಸಿ ನೆಡಲು ಆಚೆ ದಡಕ್ಕೆ ಹೋದೆವು. ಹಿಂದಿನ ತಿಂಗಳು ನೆಟ್ಟ, ಆಮೇಲೆ ಯಾರೂ ತಿರುಗಿ ನೋಡದ ಸಸಿಗಳ ಸಾಲಿನಲ್ಲಿ ಮುಂದೆ ನಡೆಯುತ್ತಿದ್ದ ಮೇಡಂ ತಟ್ಟನೆ ನಿಂತರು. ದಡಕ್ಕೆ ಹತ್ತಿರದ ಸಸಿಗಳೆಲ್ಲ ಬರೀ ಕಡ್ಡಿಗಳಾಗಿದ್ದವು. ಮೇಡಂ ಬಗ್ಗಿ ಒಂದು ಕಡ್ಡಿಯ ಬುಡದಿಂದ ಬಸವನಹುಳುವನ್ನು ಎತ್ತಿ ಹಿಡಿದರು. ಅದರ ಚಿಪ್ಪಿನ ಮೇಲೆ ಗುಲಾಬಿ ಬೊಟ್ಟು.

ಅವರು ನನ್ನ ಮುಖ ನೋಡಿದರು. ನಾನು ಬಕೆಟ್ಟಿನ ವಿಷಯ ಹೇಳಿದೆ. ಮೇಡಂ ಒಂದು ಸಸಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, ಈ ಹುಳು ಈ ನಾಡಿನದೇ ಅಲ್ಲ, ಆಫ್ರಿಕಾದ್ದು, ಮನುಷ್ಯರೊಂದಿಗೆ ಇಲ್ಲಿಗೆ ಬಂದು ಸೇರಿದೆ, ಒಂದು ಹುಳು ಒಂದೊಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ, ಸಿಕ್ಕಿದ ಚಿಗುರನ್ನೆಲ್ಲ ಮೇಯುತ್ತದೆ. ಆಚೆ ದಡದಲ್ಲಿ ಅದು ಇರಲಿಲ್ಲ.

“ಹೊಳಿ ದಾಟಾಕ ಅವಕ್ಕ ಆಗ್ತಿರಲಿಲ್ಲ ಪದ್ಮಕ್ಕ” ಎಂದರು ಮೇಡಂ. “ನೀವ ದಾಟಿಸಿದ್ರಿ.”

ಅಲ್ಲಿಂದ ಹಳೆಯ ಕಾಡಿನ ಅಂಚು ಕೂಗಳತೆಯಲ್ಲಿತ್ತು. ಅದರೊಳಗೆ ಈ ಹುಳು ಹೊಕ್ಕರೆ ಹಿಡಿಯುವವರಿಲ್ಲ. ಯಾವ ಕಾಡಿಗಾಗಿ ಬಂದಿದ್ದೆನೋ ಅದರ ಬಾಗಿಲಿಗೆ ನಾನೇ ಬೇನೆಯನ್ನು ಹೊತ್ತು ತಂದಿಟ್ಟಿದ್ದೆ, ಅದಕ್ಕೆ ಉಣ್ಣಲು ಸೌತೆ ಸಿಪ್ಪೆಯನ್ನೂ ಕೊಟ್ಟು. ಎಷ್ಟು ಬಿಟ್ಟೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಲೆಕ್ಕವೇ ಇರಲಿಲ್ಲ.

ಮಧ್ಯಾಹ್ನ ನೂರ್‌ಗೆ ನಾನೇ ಹೇಳಿದೆ. ಅವಳು ಕೂಡಲೇ ದೋಣಿ ಹತ್ತಿ ಹೋಗಿ ನೋಡಿ ಬಂದಳು. ಬಂದ ಮೇಲೆ ನೆಲ ನೋಡುತ್ತಾ, ವಿಷದ ಗುಳಿಗೆ ಹಾಕಿಸಬೇಕಾಗುತ್ತದೆ, ಬೇರೆ ದಾರಿ ಇಲ್ಲ ಎಂದಳು. ಆ ಗುಳಿಗೆಯಿಂದ ಸಾಯುವುದು ಈ ಹುಳುಗಳು ಮಾತ್ರವಲ್ಲ, ಅಲ್ಲಿಯದೇ ಆದ ಬಸವನಹುಳುಗಳೂ ಸಾಯುತ್ತವೆ, ಅವನ್ನು ತಿಂದ ಹಕ್ಕಿಗಳಿಗೂ ಅಪಾಯ ಎಂದು ಮೇಡಂ ನನ್ನ ಕಿವಿಯಲ್ಲಿ ಹೇಳಿದರು. ನೀನು ಬೇಕಾದರೆ ಊರಿಗೆ ಹೋಗು, ತಪ್ಪು ತಿಳಿಯುವುದಿಲ್ಲ ಎಂದೂ ನೂರ್ ಸೇರಿಸಿದಳು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಾಡಿದ್ದುಣ್ಣೋ ಮಹಾರಾಯ ಅಂತ ನಮ್ಮಲ್ಲಿ ಸುಮ್ಮನೆ ಹೇಳಿಲ್ಲ. ವಿಷ ಬೇಡ, ನಾನು ಒಯ್ದವನ್ನು ನಾನೇ ಹಿಂದಕ್ಕೆ ತರುತ್ತೇನೆ, ಕೊನೆಯದೊಂದು ಸಿಗುವವರೆಗೂ ಆಚೆ ದಡ ಬಿಡುವುದಿಲ್ಲ ಎಂದೆ. ಹೇಗೆ ಹುಡುಕುತ್ತೀ ಎಂದು ನೂರ್ ಕೇಳಿದಳು. ಗೋಣಿತಟ್ಟು ಕೊಡು ಎಂದೆ.

ಮರುದಿನದಿಂದ ನನ್ನ ದಿನಗಳು ಆಚೆ ದಡದಲ್ಲೇ ಕಳೆದವು. ಹೊಳೆಯ ದಡದಿಂದ ಕಾಡಿನ ಅಂಚಿನವರೆಗೆ ಒದ್ದೆ ಗೋಣಿತಟ್ಟುಗಳನ್ನು ಹಾಸಿದೆ. ಬೆಳಿಗ್ಗೆ ಒಂದು ಸುತ್ತು, ಮಳೆ ಬಂದು ನಿಂತ ಕೂಡಲೇ ಒಂದು ಸುತ್ತು. ಮಳೆ ಬಂದಾಗಲೇ ಅವು ಹೊರಗೆ ಬರುತ್ತವೆ, ಅಲ್ಲಿ ಮಳೆಗೇನು ಕಡಿಮೆ? ಜಿಗಣೆಗಳು ಕಾಲಿಗೆ, ಕತ್ತಿಗೆ, ಒಮ್ಮೆ ರೆಪ್ಪೆಗೂ ಹತ್ತಿದವು. ಅವನ್ನೂ ಉಗುರಿನಿಂದ ಬಿಡಿಸಿ ಎಲೆಯ ಮೇಲೆ ಇಟ್ಟೆ. ಮಣ್ಣಿನ ಹೆಂಟೆ ಎಬ್ಬಿಸಿ ಮೊಟ್ಟೆ ಹುಡುಕುವುದನ್ನು ಮೇಡಂ ಕಲಿಸಿದರು. ಬಟಾಣಿ ಕಾಳಿನಷ್ಟು, ಬಿಳಿ ಹಳದಿ ಬಣ್ಣದವು, ಗೊಂಚಲು ಗೊಂಚಲಾಗಿ ಸಿಕ್ಕವು. ಮೊದಲು ಮೇಡಂ ಮತ್ತು ನಾನು ಇಬ್ಬರೇ ಇದ್ದೆವು. ಆಮೇಲೆ ಸಸಿ ನೆಡುವವರೂ ತಮ್ಮ ಕೆಲಸ ಮುಗಿದ ಮೇಲೆ ಬಂದು ಬಗ್ಗಿದರು. ಒಬ್ಬರೂ ನನ್ನನ್ನು ಆಡಿಕೊಳ್ಳಲಿಲ್ಲ, ಅದನ್ನು ನಾನು ಮರೆಯುವುದಿಲ್ಲ.

ಸಿಕ್ಕವನ್ನು ಏನು ಮಾಡುವುದು? ಅಡುಗೆಮನೆಯ ಹಿಂದೆ ಒಂದು ಹಳೆಯ ಸಿಮೆಂಟಿನ ನೀರಿನ ತೊಟ್ಟಿ ಖಾಲಿ ಬಿದ್ದಿತ್ತು. ನೂರ್‌ಳನ್ನು ಕೇಳಿ ಅದನ್ನು ತೊಳೆದು, ಮೇಲೆ ತಂತಿಬಲೆ ಬಿಗಿದು, ಆಚೆಯ ಹುಳುಗಳನ್ನೂ ನರ್ಸರಿಯಲ್ಲಿ ಸಿಕ್ಕವನ್ನೂ ಅದರಲ್ಲಿಟ್ಟೆ. ನಮ್ಮ ಕಡೆ ಮುದಿ ದನಗಳಿಗೆ ಪಾಂಜರಪೋಳ ಇರುವ ಹಾಗೆ ಇದು ಬಸವನಹುಳುಗಳ ಪಾಂಜರಪೋಳ. ದಿನಾ ಅಡುಗೆಮನೆಯ ಸಿಪ್ಪೆ ಹಾಕುತ್ತಿದ್ದೆ. ಆಚೆ ಸಿಕ್ಕ ಮೊಟ್ಟೆಗಳನ್ನೂ ಒಂದು ಡಬ್ಬಿಯಲ್ಲಿ ಮಣ್ಣು ಹಾಕಿ ತೊಟ್ಟಿಯ ಮೂಲೆಯಲ್ಲಿಟ್ಟಿದ್ದೆ. ನೂರ್ ಅದನ್ನು ನೋಡಿ ಒಂದೇ ಮಾತು ಕೇಳಿದಳು, ನೀನು ಊರಿಗೆ ಹೋದ ಮೇಲೆ ಏನು ಎಂದು. ಆಗ ನೋಡೋಣ ಎಂದೆ.

ಆ ‘ಆಗ’ ಬೇಗನೇ ಬಂತು. ಒಂದು ಬೆಳಿಗ್ಗೆ ಶೈಲಾ ಮೇಡಂ ತೊಟ್ಟಿಯ ಹತ್ತಿರ ನನ್ನನ್ನು ಕರೆದರು. ತೊಟ್ಟಿಯ ತಳದ ಮಣ್ಣಿನಲ್ಲಿ ಹೊಸ ಮೊಟ್ಟೆಗಳ ಗೊಂಚಲುಗಳು. ಡಬ್ಬಿಯಲ್ಲಿಟ್ಟಿದ್ದ ಮೊಟ್ಟೆಗಳು ಒಡೆದು, ಅಕ್ಕಿಕಾಳಿನಂಥ ಮರಿಗಳು ತಂತಿಬಲೆಯ ಕಣ್ಣುಗಳಿಗೆ ಬಂದು ಅಂಟಿದ್ದವು. ಆ ಕಣ್ಣುಗಳಿಂದ ಅವು ಸಲೀಸಾಗಿ ಹೊರಬೀಳುವಷ್ಟು ಚಿಕ್ಕವು.

“ಪದ್ಮಕ್ಕ, ನೀವ್ ಇದಕ್ಕ ಇನ್ನ ಎಷ್ಟ್ ತೊಟ್ಟಿ ಕಟ್ಟಸ್ತೀರಿ?” ಮೇಡಂ ದನಿಯಲ್ಲಿ ಚೇಷ್ಟೆ ಇರಲಿಲ್ಲ. “ನಾ ಮಾಡ್ತೀನ್ರಿ ಈ ಕೆಲಸಾ. ನಮಗ ಲ್ಯಾಬಿನ್ಯಾಗ ರೂಢಿ ಐತಿ. ನೀವ್ ಒಂದ ತಾಸ ರೂಮಿಗೆ ಹೋಗಿ ಜಪಾ ಮಾಡ್ರಿ. ಬರೂದ್ರಾಗ ಮುಗಿದಿರ್ತೈತಿ.”

ಹೇಳಿದ್ದು ಪ್ರೀತಿಯಿಂದ. ನಿಜ ಹೇಳುತ್ತೇನೆ, ನನ್ನ ಮನಸ್ಸು ಹೂಂ ಎಂದಿತು. ಒಂದು ತಾಸು ಕಣ್ಣು ಮುಚ್ಚಿ ಕೂತರೆ ನನ್ನ ನೇಮ ಉಳಿಯುತ್ತದೆ, ಕಾಡೂ ಉಳಿಯುತ್ತದೆ. ಆದರೂ ಸಂಜೆಯವರೆಗೆ ತಡೆಯಿರಿ ಎಂದು ಹೇಳಿ, ತೊಟ್ಟಿಯ ಬಾಯಿಗೆ ದಪ್ಪ ಬಟ್ಟೆ ಬಿಗಿದು, ದೋಣಿಕಟ್ಟೆಗೆ ಹೋಗಿ ಮನೆಗೆ ಫೋನು ಮಾಡಿದೆ.

ಅತ್ತೆಗೆ ಒಂದೂ ಬಿಡದೆ ಎಲ್ಲ ಹೇಳಿದೆ. ಹೊಳೆ ದಾಟಿಸಿದ್ದು, ಕಾಡಿನ ಬಾಗಿಲಿಗೆ ಬಂದದ್ದು, ತೊಟ್ಟಿ, ಮೊಟ್ಟೆ, ಮರಿ. ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದೆ.

“ಕೇಳಾಕತ್ತೀನಿ” ಎಂದರು. “ನೀ ಇಲ್ಲಿಗೆ ಬಂದ ಮ್ಯಾಲೆ ಅಲ್ಲಿ ಆ ಹುಳಾ ಅವ್ರು ಕೊಲ್ತಾರೋ ಇಲ್ಲೋ?”

“ಕೊಲ್ತಾರ್ರಿ ಅತ್ತಿ. ಬಿಟ್ರ ಅಡವಿ ಹೋಗ್ತೈತಿ.”

“ಹಂಗಾರ ಕೊಂದಾಕಿ ನೀನ. ಮಾಡೂದು, ಮಾಡ್ಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಒಂದ ಅಂತ ಸಣ್ಣಾಕಿ ಇದ್ದಾಗಿಂದ ಕೇಳಿಲ್ಲೇನ?”

ನಾನು ಅಳುತ್ತಾ, ಹಾಗಾದರೆ ಏನು ಮಾಡಲಿ ಎಂದೆ. ಅವರು ನಿಧಾನವಾಗಿ ಹೇಳಿದರು:

“ನಿಮ್ಮ ಮಾವ ಸಾಯೂತನಕ ಹೊಲದಾಗ ರಂಟಿ ಹೊಡದ್ರು. ಎಷ್ಟ್ ಎರಿಹುಳ ಸತ್ತಾವೋ ಯಾರಿಗೆ ಗೊತ್ತ. ಅದು ಪಾಪ ಅಲ್ಲಂತ ಅವ್ರು ಒಂದ ದಿನಾನೂ ಅನ್ನಲಿಲ್ಲ. ಪಾಪ ಅಂತ ತಿಳಕೊಂಡ ಹೊಡದ್ರು, ತಿಳಕೊಂಡ ಉಪಾಸ ಮಾಡಿದ್ರು. ಕೊಲ್ಲಂತ ನಾ ಹೇಳೂದಿಲ್ಲ ಪದ್ಮಾ. ಆದ್ರ ನಿನ್ನ ಕೈ ಸ್ವಚ್ಛ ಇಟ್ಕೊಳ್ಳಾಕ ಇನ್ನೊಬ್ಬಾಕಿ ಕೈ ಹೊಲಸ ಮಾಡಬ್ಯಾಡ.”

ಫೋನಿಟ್ಟ ಮೇಲೆ ಕಟ್ಟೆಯ ಮೇಲೆ ಕೂತೆ. ಆಚೆ ದಡದಲ್ಲಿ ನಮ್ಮ ಸಸಿಗಳ ಸಾಲು ಕಾಣುತ್ತಿತ್ತು. ಅದರ ಹಿಂದೆ ಕಾಡು. ಸಸಿಯೂ ಜೀವವೇ, ಒಂದೇ ಇಂದ್ರಿಯದ ಜೀವ. ಹುಳುವಿಗೆ ಇಂದ್ರಿಯ ಎರಡು ಎನ್ನುತ್ತಾರೆ ನಮ್ಮವರು. ಹಾಗೆ ತೂಗಿದರೆ ಹುಳುವಿನ ತಟ್ಟೆಯೇ ಭಾರ. ಆದರೆ ಆ ಕಾಡಿನಲ್ಲಿ ಎಷ್ಟು ಜೀವಗಳಿವೆ, ಅವೆಲ್ಲವನ್ನೂ ತೂಗಲು ನಾನ್ಯಾರು? ತೂಗಿ ತೂಗಿ ಸಾಕಾಯಿತು. ಒಂದು ಮಾತ್ರ ಸ್ಪಷ್ಟವಿತ್ತು, ಅವನ್ನು ಅಲ್ಲಿಗೆ ಒಯ್ದದ್ದು ನಾನು. ಎದ್ದು ಶಿಬಿರಕ್ಕೆ ಹೋದೆ.

ನೂರ್ ಮತ್ತು ಮೇಡಂ ಇಬ್ಬರಿಗೂ, ಇದು ನನ್ನ ಕೆಲಸ, ನೀವು ಕೈ ಹಚ್ಚಬೇಡಿ ಎಂದೆ. ಉಪ್ಪುನೀರು ಬೇಡ, ತಟ್ಟನೆ ಪ್ರಾಣ ಹೋಗುವ ದಾರಿ ಯಾವುದು ಎಂದು ಮೇಡಂ ಅವರನ್ನು ಕೇಳಿದೆ. ಕುದಿಯುವ ನೀರು ಎಂದರು. ಮರುದಿನ ಬೆಳಿಗ್ಗೆ ನಾನೇ ಒಲೆ ಹೊತ್ತಿಸಿ, ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿದೆ. ಣಮೋಕಾರ ಮಂತ್ರ ಹೇಳಿಕೊಂಡೆ, ಪ್ರತಿ ಹಿಡಿಗೂ ಒಮ್ಮೆ ಕ್ಷಮಿಸು ಎಂದೆ. ಗುಲಾಬಿ ಬೊಟ್ಟಿನವು ಬಂದಾಗ ತಡೆದುಕೊಳ್ಳಲಾಗದೆ ಜೋರಾಗಿ ಅತ್ತುಬಿಟ್ಟೆ. ಮೇಡಂ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು, ಆದರೆ ಹೋಗಲಿಲ್ಲ. ಮುಗಿದ ಮೇಲೆ ನೂರ್ ಬಂದು ನನ್ನ ಜೊತೆ ಗುಂಡಿ ತೋಡಿದಳು. ಇಬ್ಬರೂ ಸೇರಿ ಮುಚ್ಚಿದೆವು. ಆ ದಿನ ನಾನು ನೀರನ್ನೂ ಕುಡಿಯಲಿಲ್ಲ.

ಮತ್ತೆ ಆಚೆ ದಡ, ಮತ್ತೆ ಗೋಣಿತಟ್ಟು. ಅಲ್ಲಿ, ನರ್ಸರಿಯಲ್ಲಿ ಸಿಕ್ಕಿದ್ದನ್ನೆಲ್ಲ ಅಂದಂದೇ ನಾನೇ ಮುಗಿಸುತ್ತಿದ್ದೆ. ರೂಢಿಯಾಗುತ್ತದೆ ಎಂದು ಯಾರೋ ಹೇಳಿದರು, ಆಗಲಿಲ್ಲ, ಆಗಲೂಬಾರದು. ಸಿಗುವುದು ದಿನೇ ದಿನೇ ಕಡಿಮೆಯಾಯಿತು. ಕಾಡಿನ ಅಂಚಿನ ತಟ್ಟುಗಳಲ್ಲಿ ಎರಡೇ ಎರಡು ಸಲ ಸಿಕ್ಕವು, ಒಳಗೆ ಸಿಗಲಿಲ್ಲ. ಹೊರಡುವ ದಿನ ಬಂದಾಗ ಮೇಡಂ ಚೀಲ ಕಟ್ಟಿದರು. ಕಾಲೇಜು ಶುರುವಾಗುವುದಿತ್ತು. ನಾನು ಟಿಕೆಟ್ಟು ಮುಂದೂಡಿಸಿದೆ. ಮನೆಯವರು ಫೋನಿನಲ್ಲಿ ಒಂದಿಷ್ಟು ಗೊಣಗಿದರು, ಆಮೇಲೆ ನಾನು ಕೇಳುವ ಮೊದಲೇ ಖಾನಾಪುರಕ್ಕೆ ಹೋಗಿ ನರ್ಸರಿ ನೋಡಿಕೊಳ್ಳುತ್ತೇನೆ ಎಂದರು. ಆಚೆ ದಡದಲ್ಲಿ ಜೋರು ಮಳೆ ಬಂದು ನಿಂತ ಮೇಲೆಯೂ ಒಂದು ತಟ್ಟಿನಡಿಯೂ ಹುಳು ಇರಲಿಲ್ಲ, ಮರುದಿನವೂ ಇರಲಿಲ್ಲ, ಮುಂದಿನ ಮಳೆಗೂ ಇರಲಿಲ್ಲ. ಆಮೇಲೇ ನಾನು ಹೊರಟದ್ದು. ದೋಣಿಕಟ್ಟೆಯಲ್ಲಿ ನೂರ್ ನನ್ನನ್ನು ಅಪ್ಪಿಕೊಂಡು, ಈ ಗೋಣಿತಟ್ಟುಗಳನ್ನು ಎತ್ತುವುದಿಲ್ಲ, ವಾರಕ್ಕೊಮ್ಮೆ ನೋಡುತ್ತಿರುತ್ತೇನೆ ಎಂದು ಮಾತು ಕೊಟ್ಟಳು.

ಊರಿಗೆ ಬಂದಾಗ ಅತ್ತೆ ಏನನ್ನೂ ಕೇಳಲಿಲ್ಲ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು, ಬಿಸಿ ರೊಟ್ಟಿ ಬಡಿಸಿ ಎದುರಿಗೆ ಕೂತರು. ನಾನು ಉಂಡು ಕೈ ತೊಳೆಯುವವರೆಗೂ ಎದ್ದು ಹೋಗಲಿಲ್ಲ. ನೇಮ ಮುರಿದೆನೋ ಉಳಿಸಿಕೊಂಡೆನೋ ಎಂದು ನಾನೂ ಕೇಳಲಿಲ್ಲ.

ನೂರ್ ಇಂದಿಗೂ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾಳೆ. ಒಂದು ಮಳೆಗಾಲ ಪೂರ್ತಿ ಕಳೆದರೂ ಆಚೆ ದಡದಲ್ಲಿ ಒಂದು ಹುಳುವೂ ಸಿಗಲಿಲ್ಲವಂತೆ. ಕಡ್ಡಿಯಾಗಿದ್ದ ಸಸಿಗಳಲ್ಲಿ ಹಲವು ಸತ್ತವು, ಕೆಲವು ಬುಡದಿಂದ ಮತ್ತೆ ಒಡೆದು ಈಗ ನನ್ನೆತ್ತರ ಬೆಳೆದಿವೆ. ಮೊನ್ನೆ ನಮ್ಮ ಬಸದಿಯ ಮಹಿಳಾ ಮಂಡಳದವರು ಕರೆಸಿ, ಹಾರ ಹಾಕಿ, ಪರದೇಶಕ್ಕೆ ಹೋಗಿ ಪುಣ್ಯದ ಕೆಲಸ ಮಾಡಿ ಬಂದವರು ಎಂದು ನನ್ನ ಬಗ್ಗೆ ಮಾತಾಡಿದರು. ನಾನು ಎದ್ದು ನಿಂತು ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಹಿರಿಯರೊಬ್ಬರು, ಅಷ್ಟು ದೊಡ್ಡ ಕಾಡು ಉಳಿದ ಮೇಲೆ ಅದು ಪಾಪವಲ್ಲ ಬಿಡಮ್ಮ ಎಂದು ಸಮಾಧಾನ ಮಾಡಲು ಬಂದರು. ಇಲ್ಲ, ಪಾಪವೇ ಎಂದೆ. ಕಾಡು ಉಳಿಯಿತು ಎಂಬ ಸಂತೋಷ ನನಗಿದೆ, ಕೊಂದೆ ಎಂಬ ಸಂಕಟವೂ ಇದೆ, ಒಂದು ಇನ್ನೊಂದನ್ನು ತೊಳೆಯುವುದಿಲ್ಲ. ಆ ಪಾಪ ನನ್ನದು. ಅದನ್ನು ನೂರ್‌ಳ ಕೈಗೆ ಕೊಟ್ಟು ಬರಲಿಲ್ಲ.